ಮೂವತ್ತೈದು ದಾಟಿದ ಕ್ಯಾಚರ್: ಜಾಗ ಬಿಡಬೇಕೋ, ಭಾರ ಇಳಿಸಿದರೆ ಸಾಕೋ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಕ್ಯಾನ್ಸಸ್ ಸಿಟಿ ರಾಯಲ್ಸ್ ತಂಡ 2025ರ ನವೆಂಬರ್‌ನಲ್ಲಿ ತನ್ನ ನಾಯಕ ಸಾಲ್ವಡೋರ್ ಪೆರೆಜ್ ಜತೆ ಇನ್ನೆರಡು ವರ್ಷಕ್ಕೆ 2.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. 2026ರ ಮೇ 10ಕ್ಕೆ ಪೆರೆಜ್‌ಗೆ 36 ತುಂಬುತ್ತದೆ. ಒಪ್ಪಂದ ಮುಗಿಯುವ ಹೊತ್ತಿಗೆ 37. ಆರಡಿ ಮೂರಿಂಚು ಎತ್ತರದ, ನೂರು ಕಿಲೋಗಿಂತ ಹೆಚ್ಚು ತೂಗುವ ಈ ವೆನೆಜುವೆಲಾದ ಆಟಗಾರ 2011ರಿಂದ ರಾಯಲ್ಸ್‌ಗೆ ಕ್ಯಾಚರ್ ಆಗಿ ಹೋಮ್ ಪ್ಲೇಟಿನ, ಅಂದರೆ ಬ್ಯಾಟರ್ ನಿಲ್ಲುವ ಜಾಗದ, ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುತ್ತಿದ್ದಾರೆ. 2015ರ ವರ್ಲ್ಡ್ ಸೀರೀಸ್‌ನ, ಅಂದರೆ ಲೀಗ್‌ನ ಅಂತಿಮ ಸರಣಿಯ, ಅತ್ಯುತ್ತಮ ಆಟಗಾರ ಅವರೇ. 2021ರಲ್ಲಿ 48 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂತೆ ಚೆಂಡನ್ನು ಬೇಲಿ ದಾಟಿಸುವ ಹೊಡೆತ) ಬಾರಿಸಿ, ಕ್ಯಾಚರ್ ಒಬ್ಬ ಒಂದೇ ಸೀಸನ್‌ನಲ್ಲಿ ಹೊಡೆದ ಹೋಮ್ ರನ್‌ಗಳ ದಾಖಲೆಯನ್ನು ಜಾನಿ ಬೆಂಚ್ ಅವರಿಂದ ಕಿತ್ತುಕೊಂಡರು. 2025ರಲ್ಲೂ 30 ಹೋಮ್ ರನ್, 100 ಆರ್‌ಬಿಐ (ತನ್ನ ಬ್ಯಾಟಿನಿಂದ ತಂಡಕ್ಕೆ ಬಂದ ರನ್). ಆದರೆ ಅದೇ ವರ್ಷ ಬ್ಯಾಟಿಂಗ್ ಸರಾಸರಿ, ಅಂದರೆ ಬ್ಯಾಟಿಂಗ್ ಯತ್ನಗಳಲ್ಲಿ ಹಿಟ್ ಆದವುಗಳ ಪಾಲು, .236ಕ್ಕೆ ಇಳಿಯಿತು, ಬೇಸ್ ತಲುಪುವ ಪ್ರಮಾಣ .284ಕ್ಕೆ ಬಂತು.

ಇಂಥ ಆಟಗಾರನ ಬಗ್ಗೆ ಪ್ರತಿ ಚಳಿಗಾಲದಲ್ಲೂ ಏಳುವ ಪ್ರಶ್ನೆ ಒಂದೇ: ಸಾಕು, ಇನ್ನು ಫಸ್ಟ್ ಬೇಸಿಗೆ, ಅಂದರೆ ಓಟಗಾರ ಮೊದಲು ತಲುಪುವ ಬೇಸ್ ಕಾಯುವ ಜಾಗಕ್ಕೆ, ಕಳಿಸಿಬಿಡಬಾರದೇ? ಕೇಳುವವರು ಮೊಣಕಾಲನ್ನು ನೋಡಿ ಕೇಳುತ್ತಾರೆ. ಉತ್ತರ ಮಾತ್ರ ಮೊಣಕಾಲಲ್ಲಿಲ್ಲ. ಬ್ಯಾಟಿನಲ್ಲಿ ಎಷ್ಟು ಉಳಿದಿದೆ, ಹೋಗುವ ಜಾಗದಲ್ಲಿ ಈಗ ಯಾರಿದ್ದಾರೆ, ಬಿಟ್ಟ ಜಾಗಕ್ಕೆ ಯಾರು ಬರುತ್ತಾರೆ ಎಂಬ ಮೂರರ ಮೇಲೆ ಅದು ನಿಂತಿದೆ. ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದರೆ, ಪೂರ್ತಿ ಜಾಗ ಬದಲಿಸಿದವರಿಗಿಂತ ಬೇಗನೆ ಭಾರ ಹಂಚಿಕೊಂಡವರೇ ಹೆಚ್ಚು ಗೆದ್ದಿದ್ದಾರೆ ಅನ್ನಿಸುತ್ತದೆ.

ದೇಹದಲ್ಲಿ ಮೊದಲು ಸವೆಯುವುದು ಯಾವುದು?

ಕ್ರಿಕೆಟ್ ನೋಡಿ ಬೆಳೆದ ನಮಗೆ ಕ್ಯಾಚರ್ ಎಂದರೆ ವಿಕೆಟ್ ಕೀಪರ್ ನೆನಪಾಗುತ್ತಾನೆ. ಆದರೆ ವೇಗದ ಬೌಲರ್‌ಗೆ ಕೀಪರ್ ಸ್ಟಂಪಿನಿಂದ ಹತ್ತಾರು ಹೆಜ್ಜೆ ಹಿಂದೆ ನಿಲ್ಲುತ್ತಾನೆ. ಕ್ಯಾಚರ್ ಕೂರುವುದು ಬ್ಯಾಟು ಬೀಸುವ ಅಂತರದ ಅಂಚಿನಲ್ಲಿ. ಈಗ ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲ್‌ನ ಸರಾಸರಿ ವೇಗ ಗಂಟೆಗೆ 150 ಕಿಲೋಮೀಟರ್ ದಾಟಿದೆ. ಆ ಚೆಂಡು ಬ್ಯಾಟಿಗೆ ಕೂದಲೆಳೆಯಷ್ಟು ತಾಗಿ ದಿಕ್ಕು ಬದಲಿಸಿದರೆ, ಅಂದರೆ ಫೌಲ್ ಟಿಪ್ ಆದರೆ, ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಮಾಸ್ಕು, ಬೆರಳು, ಭುಜ, ತೊಡೆ ಎಲ್ಲಿಗಾದರೂ ಬೀಳಬಹುದು.

ಒಂದು ಪಂದ್ಯದಲ್ಲಿ ಒಂದು ತಂಡದ ಪಿಚರ್‌ಗಳು ಸುಮಾರು 145ರಿಂದ 150 ಚೆಂಡು ಎಸೆಯುತ್ತಾರೆ. ಪ್ರತಿ ಚೆಂಡಿಗೂ ಕ್ಯಾಚರ್ ಕೂರಬೇಕು. ಇನಿಂಗ್ಸ್ ನಡುವಿನ ಅಭ್ಯಾಸದ ಚೆಂಡುಗಳು ಇದಕ್ಕೆ ಸೇರಿಲ್ಲ. ವರ್ಷಕ್ಕೆ 130 ಪಂದ್ಯ ಕ್ಯಾಚ್ ಮಾಡಿದರೆ 19 ಸಾವಿರ ಸಲ ಕೂತೇಳಿದ ಹಾಗೆ. 90ಕ್ಕೆ ಇಳಿಸಿದರೆ 13 ಸಾವಿರದ ಆಸುಪಾಸು. ಕೂತಾಗ ಮೊಣಕಾಲು ಪೂರ್ತಿ ಮಡಚುವುದರಿಂದ ಒಳಗಿನ ಮೆನಿಸ್ಕಸ್ ಎಂಬ ಮೃದ್ವಸ್ಥಿಯ ಹಿಂಭಾಗ ಒತ್ತಡಕ್ಕೆ ಸಿಗುತ್ತದೆ. 2020ರ ಈಚೆಗೆ ಹೆಚ್ಚಿನ ಕ್ಯಾಚರ್‌ಗಳು ಒಂದು ಮೊಣಕಾಲನ್ನು ನೆಲಕ್ಕೂರಿಯೇ ಕೂರುತ್ತಾರೆ. ಕೆಳಗಿನ ಸ್ಟ್ರೈಕ್‌ಗಳನ್ನು (ಬ್ಯಾಟರ್ ಮುಂದಿನ ನಿಗದಿತ ಚೌಕದೊಳಗೆ ಬಂದ ಚೆಂಡುಗಳನ್ನು) ಅಂಪೈರ್‌ಗೆ ಚೆನ್ನಾಗಿ ತೋರಿಸಲು ಹುಟ್ಟಿದ ಭಂಗಿ ಇದು. ಜತೆಗೆ ಆಳದ ಕುಕ್ಕರಗಾಲಿನ ಸಂಖ್ಯೆಯೂ ಕಡಿಮೆಯಾಯಿತು. ಹಾಗಾಗಿ ‘ಮೊಣಕಾಲು ಹೋಯಿತು’ ಎಂಬ ಹಳೆಯ ಕಾರಣಕ್ಕೆ ಮುಂಚಿನ ತೂಕವಿಲ್ಲ.

ಸೊಂಟದ ಕೀಲನ್ನು ಜನ ಮರೆಯುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಬಸ್ಟರ್ ಪೋಸಿ 2018ರ ಆಗಸ್ಟ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದು ಬಲ ಸೊಂಟಕ್ಕೆ. ಸೊಂಟ ತಿರುಗದಿದ್ದರೆ ಕೂರಲು ಕಷ್ಟ ಎಂಬುದಕ್ಕಿಂತ ಬ್ಯಾಟು ಬೀಸಲು ಕಷ್ಟ. ಹೊಡೆತದ ಬಲ ಹುಟ್ಟುವುದೇ ಅಲ್ಲಿಂದ. ಆ ವರ್ಷ ಪೋಸಿ ಹೊಡೆದದ್ದು ಬರೀ ಐದು ಹೋಮ್ ರನ್. ಮಿಟ್, ಅಂದರೆ ಕ್ಯಾಚರ್‌ನ ದಪ್ಪ ಗ್ಲೌ, ತೊಡುವ ಎಡಗೈಯ ಹೆಬ್ಬೆರಳೂ ಇಂಥದ್ದೇ ಜಾಗ: ಪೆರೆಜ್ 2022ರ ಜೂನ್‌ನಲ್ಲಿ ಎಡ ಹೆಬ್ಬೆರಳಿನ ಲಿಗಮೆಂಟ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಮೊಣಕೈ ಲಿಗಮೆಂಟ್‌ನಿಂದಾಗಿ 2019ರ ಇಡೀ ಸೀಸನ್ ಕಳೆದುಕೊಂಡಿದ್ದರು. (2018ರ ಸೀಸನ್‌ಗೆ ಮುಂಚೆ ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತುವಾಗ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡವರೂ ಇವರೇ. ಎಲ್ಲ ಗಾಯಕ್ಕೂ ಕ್ಯಾಚಿಂಗನ್ನು ದೂರುವಂತಿಲ್ಲ.)

ತಲೆಯ ಪೆಟ್ಟಿನ ಲೆಕ್ಕವೇ ಬೇರೆ. ಮೂಳೆ ಕೂಡುತ್ತದೆ, ಲಿಗಮೆಂಟ್ ಹೊಲಿಯಬಹುದು. ಮಿದುಳಿನ ಅಲುಗಾಟ, ಅಂದರೆ ಕನ್ಕಷನ್, ಒಂದಕ್ಕೊಂದು ಸೇರುತ್ತಾ ಹೋಗುತ್ತದೆ. ಮೇಜರ್ ಲೀಗ್ 2011ರಲ್ಲಿ ಕನ್ಕಷನ್‌ಗಾಗಿಯೇ ಏಳು ದಿನಗಳ ಗಾಯಾಳು ಪಟ್ಟಿ ತಂದಿತು. ಇಲ್ಲಿ ರನ್ನಿನ ಲೆಕ್ಕಾಚಾರಕ್ಕೆ ಜಾಗವೇ ಇಲ್ಲ. ವೈದ್ಯರು ಬೇಡ ಎಂದರೆ ಆ ಮಾತು ಅಲ್ಲಿಗೆ ಮುಗಿಯಬೇಕು.

ಇಪ್ಪತ್ತೈದು ರನ್ನಿನ ಕಂದಕ

ಆಟಗಾರನ ಒಟ್ಟು ಬೆಲೆ ಕಟ್ಟುವಾಗ ವಿಶ್ಲೇಷಕರು ಅವನು ಆಡುವ ಜಾಗಕ್ಕೂ ಅಂಕ ಕೊಡುತ್ತಾರೆ. ಫ್ಯಾನ್‌ಗ್ರಾಫ್ಸ್ ಎಂಬ ಅಂಕಿಅಂಶ ಜಾಲತಾಣ ಬಳಸುವ ಅಳತೆಯಲ್ಲಿ 162 ಪಂದ್ಯಗಳ ಪೂರ್ತಿ ಸೀಸನ್‌ಗೆ ಕ್ಯಾಚರ್‌ಗೆ 12.5 ರನ್ ಹೆಚ್ಚುವರಿ. ಶಾರ್ಟ್‌ಸ್ಟಾಪ್‌ಗೆ (ಸೆಕೆಂಡ್, ಥರ್ಡ್ ಬೇಸ್ ನಡುವಿನ ಫೀಲ್ಡರ್‌ಗೆ) 7.5. ಎಡ, ಬಲ ಔಟ್‌ಫೀಲ್ಡ್‌ಗೆ 7.5 ಕಡಿತ. ಫಸ್ಟ್ ಬೇಸ್‌ಗೆ 12.5 ಕಡಿತ. ಫೀಲ್ಡಿಂಗೇ ಮಾಡದೆ ಬ್ಯಾಟಿಂಗ್ ಮಾತ್ರ ಮಾಡುವ ಡೆಸಿಗ್ನೇಟೆಡ್ ಹಿಟ್ಟರ್‌ಗೆ, ಅಂದರೆ ಡಿಎಚ್‌ಗೆ, 17.5 ಕಡಿತ.

ಕ್ಯಾಚರ್ ಜಾಗದಿಂದ ಫಸ್ಟ್ ಬೇಸಿಗೆ ನಡೆದರೆ 25 ರನ್ ಕಳೆದ ಹಾಗಾಯಿತು. ಹತ್ತು ರನ್ನಿಗೆ ಒಂದು ಗೆಲುವು ಎಂಬುದು ವಾಡಿಕೆಯ ಲೆಕ್ಕ. ಎರಡೂವರೆ ಗೆಲುವು ಜಾಗ ಬದಲಿಸಿದ್ದಕ್ಕೇ ಹೋಯಿತು. ಅದನ್ನು ಬ್ಯಾಟಿನಿಂದ ತುಂಬಬೇಕಾದರೆ ಏನಾಗಬೇಕು? ಔಟ್ ಆಗುವ ಬದಲು ಹೋಮ್ ರನ್ ಹೊಡೆದರೆ ತಂಡಕ್ಕೆ ಸರಾಸರಿ 1.6ರಿಂದ 1.7 ರನ್ ಲಾಭ. ಅಂದರೆ ಸುಮಾರು 15 ಔಟ್‌ಗಳು ಹೋಮ್ ರನ್ ಆಗಬೇಕು. 35 ದಾಟಿದವನ ಬ್ಯಾಟಿನಿಂದ ಇದನ್ನು ನಿರೀಕ್ಷಿಸುವುದು ದುರಾಸೆ.

ಈ ಲೆಕ್ಕಕ್ಕೆ ಒಂದು ತಿದ್ದುಪಡಿ ಬೇಕು. ಯಾವ ಕ್ಯಾಚರೂ 162 ಪಂದ್ಯ ಕ್ಯಾಚ್ ಮಾಡುವುದಿಲ್ಲ, 130 ಮಾಡಿದರೆ ಹೆಚ್ಚು. ಆಗ ಅವನಿಗೆ ಸಿಗುವುದು ಸುಮಾರು 10 ರನ್. 150 ಪಂದ್ಯ ಫಸ್ಟ್ ಬೇಸ್ ಆಡಿದರೆ ಹೋಗುವುದು 11.6. ಅಂತರ 21-22ಕ್ಕೆ ಇಳಿಯಿತು, ಜತೆಗೆ ಹೆಚ್ಚು ಆಡಿದ ಪಂದ್ಯಗಳ ಬ್ಯಾಟಿಂಗ್ ಸೇರಿತು. ಇನ್ನೊಂದು ದಾರಿ ನೋಡಿ: 90 ಪಂದ್ಯ ಕ್ಯಾಚಿಂಗ್, 60 ಪಂದ್ಯ ಡಿಎಚ್. ಕ್ಯಾಚಿಂಗ್‌ನಿಂದ ಬರುವ 6.9, ಡಿಎಚ್‌ಗೆ ಹೋಗುವ 6.5, ಒಟ್ಟು ಹೆಚ್ಚುಕಡಿಮೆ ಸೊನ್ನೆ. ಇಬ್ಬರೂ 150 ಪಂದ್ಯವೇ ಆಡಿದರು, ಒಂದೇ ಬ್ಯಾಟು ಬೀಸಿದರು ಎಂದುಕೊಂಡರೂ, ಪೂರ್ತಿ ಫಸ್ಟ್ ಬೇಸಿಗೆ ಹೋದವನಿಗಿಂತ ಹಂಚಿ ಆಡಿದವನು 12 ರನ್ ಮುಂದಿದ್ದಾನೆ. ಕ್ಯಾಚಿಂಗ್ ಪಂದ್ಯಗಳನ್ನು ಮೂರನೇ ಒಂದು ಭಾಗ ಇಳಿಸಿಕೊಂಡೂ ಈ ಲಾಭ.

ಇದಕ್ಕೆ ಎದುರು ವಾದವೊಂದಿದೆ. ಮಾಸ್ಕು ಕಳಚಿಟ್ಟರೆ ಬ್ಯಾಟಿಂಗ್ ಸುಧಾರಿಸುತ್ತದೆ ಎಂಬುದು. ಕೇಳಲು ಸರಿಯಾಗಿಯೇ ಇದೆ. ಆದರೆ ಜಾಗ ಬದಲಿಸುವುದು ಸಾಮಾನ್ಯವಾಗಿ ಬ್ಯಾಟು ಸೊರಗಿದ ಮೇಲೋ ಗಾಯವಾದ ಮೇಲೋ. ಬದಲಿಸಿದ ಮೇಲೆ ಬ್ಯಾಟು ಮೇಲೇಳದಿದ್ದರೆ ಅದು ವಯಸ್ಸಿನ ಫಲವೋ ಬದಲಾವಣೆಯ ಫಲವೋ ಬಿಡಿಸಿ ಹೇಳುವುದು ಕಷ್ಟ. ದಣಿವಿನ ಪರಿಣಾಮ ಮಾತ್ರ ಕಣ್ಣಿಗೆ ಕಾಣುವಂಥದ್ದು. ಪೆರೆಜ್ ಅವರೇ 2014ರಲ್ಲಿ, ಇನ್ನೂ 24ರ ಹರೆಯದಲ್ಲಿ, ಲೀಗ್ ಹಂತದಲ್ಲೇ 140ಕ್ಕೂ ಹೆಚ್ಚು ಪಂದ್ಯ ಕ್ಯಾಚ್ ಮಾಡಿದರು. ಸೀಸನ್ನಿನ ಮೊದಲರ್ಧದಲ್ಲಿ ಚೆನ್ನಾಗಿದ್ದ ಬ್ಯಾಟು ಉತ್ತರಾರ್ಧದಲ್ಲಿ ಬಾಡಿತು. ಹರೆಯದಲ್ಲೇ ಹಾಗಾದರೆ 36ರಲ್ಲಿ ಏನು ಕತೆ!

ಮಾವರ್, ಪಿಯಾಜಾ, ಮತ್ತು ಉಳಿದವರು

ಈ ಚರ್ಚೆಯಲ್ಲಿ ಎಲ್ಲರೂ ಮೊದಲು ಎತ್ತುವ ಹೆಸರು ಮಿನೆಸೋಟ ಟ್ವಿನ್ಸ್‌ನ ಜೋ ಮಾವರ್. 2006, 2008, 2009ರಲ್ಲಿ ಅಮೆರಿಕನ್ ಲೀಗ್‌ನ ಬ್ಯಾಟಿಂಗ್ ಪಟ್ಟ ಗೆದ್ದ ಕ್ಯಾಚರ್. 2009ರಲ್ಲಿ .365 ಹೊಡೆದು ಅತ್ಯುತ್ತಮ ಆಟಗಾರ ಎನಿಸಿಕೊಂಡರು. 2010ರಲ್ಲಿ ತವರು ತಂಡ ಎಂಟು ವರ್ಷಕ್ಕೆ 18.4 ಕೋಟಿ ಡಾಲರ್ ಕೊಟ್ಟಿತು. 2013ರ ಆಗಸ್ಟ್ 19ರಂದು ನ್ಯೂಯಾರ್ಕ್ ಮೆಟ್ಸ್ ವಿರುದ್ಧದ ಪಂದ್ಯದಲ್ಲಿ ಫೌಲ್ ಟಿಪ್ ಮಾಸ್ಕಿಗೆ ಬಡಿಯಿತು. ಆ ಸೀಸನ್‌ನಲ್ಲಿ ಅವರು ಮತ್ತೆ ಆಡಲಿಲ್ಲ. ನವೆಂಬರ್‌ನಲ್ಲಿ, 30ನೇ ವಯಸ್ಸಿಗೇ, ಇನ್ನು ಮೇಲೆ ಫಸ್ಟ್ ಬೇಸ್ ಎಂದು ತಂಡ ಪ್ರಕಟಿಸಿತು.

ಆವರೆಗಿನ ಅವರ ಒಟ್ಟು ಸರಾಸರಿ .323. ಫಸ್ಟ್ ಬೇಸಿಗೆ ಹೋದ ಮೊದಲ ವರ್ಷ .277, ಹೋಮ್ ರನ್ ಬರೀ ನಾಲ್ಕು. 2014ರಿಂದ 2018ರವರೆಗಿನ ಐದು ವರ್ಷದ ಸರಾಸರಿ .278. ಕ್ಯಾಚರ್ ಒಬ್ಬ ಇಷ್ಟು ಹೊಡೆದರೆ ತಂಡ ಹಬ್ಬ ಮಾಡುತ್ತದೆ. ಫಸ್ಟ್ ಬೇಸಿನಲ್ಲಿ ಸಾಮಾನ್ಯ ತಂಡಗಳೂ ಇಪ್ಪತ್ತು-ಇಪ್ಪತ್ತೈದು ಹೋಮ್ ರನ್ ನಿರೀಕ್ಷಿಸುತ್ತವೆ. ಮಾವರ್ ಹೋಮ್ ರನ್ ಹೊಡೆಯುವ ಬಗೆಯ ಬ್ಯಾಟರ್ ಅಲ್ಲವೇ ಅಲ್ಲ. ಮೈದಾನದ ಉದ್ದಗಲಕ್ಕೆ ಚೆಂಡು ತಳ್ಳಿ ಬೇಸ್ ತಲುಪುವ ಬಗೆ. ಆ ಬ್ಯಾಟಿಗೆ ಅಷ್ಟು ಬೆಲೆ ಬಂದಿದ್ದೇ ಅದು ಕ್ಯಾಚರ್ ಕೈಯಲ್ಲಿ ಇತ್ತು ಎಂಬುದಕ್ಕೆ. ಹಾಗಂತ ತೀರ್ಮಾನ ತಪ್ಪಾಗಿತ್ತೇ? ಖಂಡಿತ ಇಲ್ಲ. ಮಿದುಳಿನ ಗಾಯದ ಎದುರು ಬೇರೆ ದಾರಿ ಇರಲಿಲ್ಲ. 2018ರ ಸೆಪ್ಟೆಂಬರ್ 30ರಂದು, ವೃತ್ತಿಯ ಕೊನೆಯ ಪಂದ್ಯದಲ್ಲಿ, ಅವರು ಒಂದೇ ಒಂದು ಚೆಂಡಿಗಾಗಿ ಮತ್ತೆ ಕ್ಯಾಚರ್ ಗೇರ್ ತೊಟ್ಟು ಬಂದರು. 2024ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಮಾವರ್ ಕತೆಯನ್ನು ‘ಫಸ್ಟ್ ಬೇಸಿಗೆ ಹೋದರೆ ವೃತ್ತಿ ಉದ್ದವಾಗುತ್ತದೆ’ ಎನ್ನುವುದಕ್ಕೆ ಸಾಕ್ಷಿಯಾಗಿ ಬಳಸುವವರು ಆ 25 ರನ್ನನ್ನು ಮರೆತಿರುತ್ತಾರೆ.

ಮೈಕ್ ಪಿಯಾಜಾ ಇದಕ್ಕೆ ತದ್ವಿರುದ್ಧ. ಹೊಡೆಯುವ ಬಲಕ್ಕೆ ಕೊರತೆಯಿಲ್ಲ, ಕ್ಯಾಚರ್ ಆಗಿ 396 ಹೋಮ್ ರನ್ ಹೊಡೆದ ದಾಖಲೆ ಇಂದಿಗೂ ಅವರದೇ. ಪಿಚರ್ ಎಸೆಯುತ್ತಿರುವಾಗಲೇ ಮುಂದಿನ ಬೇಸಿಗೆ ಓಡುವವರನ್ನು, ಅಂದರೆ ಬೇಸ್ ಕದಿಯುವವರನ್ನು, ತಡೆಯಲು ಬೇಕಾದ ಎಸೆತ ಮಾತ್ರ ಮೊದಲಿನಿಂದ ದುರ್ಬಲ. 2004ರಲ್ಲಿ, ಕ್ಯಾಚರ್‌ಗಳ ಹೋಮ್ ರನ್ ದಾಖಲೆ ಮುರಿದ ವರ್ಷವೇ, ಮೆಟ್ಸ್ ತಂಡ 35ರ ಪಿಯಾಜಾರನ್ನು 68 ಪಂದ್ಯಗಳಲ್ಲಿ ಫಸ್ಟ್ ಬೇಸಿನಲ್ಲಿ ನಿಲ್ಲಿಸಿತು. ಕಾಗದದ ಮೇಲೆ ಎಲ್ಲ ಸರಿಯಿತ್ತು. ಮೈದಾನದಲ್ಲಿ ಕಾಲಿನ ಹೆಜ್ಜೆ ಕೂಡಲಿಲ್ಲ, ಬ್ಯಾಟೂ ಏಳಲಿಲ್ಲ. ಮರುವರ್ಷ ಮತ್ತೆ ಮಾಸ್ಕು. 2006ರಲ್ಲಿ ಸ್ಯಾನ್ ಡಿಯಾಗೊ ಪಾಡ್ರೆಸ್ ಸೇರಿ, 37ನೇ ವಯಸ್ಸಲ್ಲಿ ಹೆಚ್ಚಿನ ಪಂದ್ಯಗಳಲ್ಲಿ ಕ್ಯಾಚ್ ಮಾಡುತ್ತಲೇ 22 ಹೋಮ್ ರನ್ ಹೊಡೆದರು!

ಜಾನಿ ಬೆಂಚ್ 1968ರಿಂದ 1980ರವರೆಗೆ ಸತತ 13 ವರ್ಷ ವರ್ಷಕ್ಕೆ ನೂರಕ್ಕಿಂತ ಹೆಚ್ಚು ಪಂದ್ಯ ಕ್ಯಾಚ್ ಮಾಡಿ, ಇನ್ನಾಗದು ಎಂದಾಗ ಮೊದಲು ಫಸ್ಟ್ ಬೇಸಿಗೆ, ಆಮೇಲೆ ಥರ್ಡ್ ಬೇಸಿಗೆ ಹೋದರು. 1983ಕ್ಕೆ, 35ರಲ್ಲಿ, ನಿವೃತ್ತಿ. ಅವರದ್ದು ಅತಿ ತಡವಾದ ಬದಲಾವಣೆ. ನ್ಯೂಯಾರ್ಕ್ ಯಾಂಕೀಸ್‌ನ ಯೋಗಿ ಬೆರಾ 35ರ ಹೊತ್ತಿಗೆ ಲೆಫ್ಟ್ ಫೀಲ್ಡಿನಲ್ಲೂ ನಿಲ್ಲುತ್ತಿದ್ದರು. 1960ರ ವರ್ಲ್ಡ್ ಸೀರೀಸ್ ಮುಗಿಸಿದ ಬಿಲ್ ಮೆಜರಾಸ್ಕಿಯ ಹೋಮ್ ರನ್ ಗೋಡೆ ದಾಟಿದ್ದು ಬೆರಾ ತಲೆಯ ಮೇಲಿಂದಲೇ. ಆಗ ಯಾಂಕೀಸ್‌ಗೆ ಎಲ್ಸ್ಟನ್ ಹೋವರ್ಡ್ ಎಂಬ ಸಮರ್ಥ ಕ್ಯಾಚರ್ ಸಿಕ್ಕಿದ್ದರು ಎಂಬುದು ಮುಖ್ಯ. ಉತ್ತರಾಧಿಕಾರಿ ಇದ್ದದ್ದಕ್ಕೆ ಆ ಹಂಚಿಕೆ ನಡೆಯಿತು.

ಕ್ರೇಗ್ ಬಿಜಿಯೊ ಉದಾಹರಣೆ ಈ ಚರ್ಚೆಗೆ ಹೊಂದುವುದೇ ಇಲ್ಲ. 1992ರಲ್ಲಿ 26ರ ಹರೆಯದಲ್ಲಿ ಅವರನ್ನು ಸೆಕೆಂಡ್ ಬೇಸಿಗೆ ಕಳಿಸಿದ್ದು ಕಾಲಿನ ವೇಗ ಹಾಳಾಗದಿರಲಿ ಎಂದು. 3,060 ಹಿಟ್ ಬಂದವು. ಅದು ಉಳಿತಾಯ, ಇದು ದುರಸ್ತಿ. ಕಾರ್ಲೋಸ್ ಸಂಟಾನಾ ಕೂಡ ಇಪ್ಪತ್ತರ ಕೊನೆಗೇ ಕ್ಯಾಚಿಂಗ್ ಬಿಟ್ಟವರು. ಫಸ್ಟ್ ಬೇಸಿನಲ್ಲಿ ಮೊದಲ ಗೋಲ್ಡ್ ಗ್ಲೌ (ಅತ್ಯುತ್ತಮ ಫೀಲ್ಡರ್ ಪ್ರಶಸ್ತಿ) ಬಂದದ್ದು 2024ರಲ್ಲಿ, 38ನೇ ವಯಸ್ಸಿಗೆ. ಫಸ್ಟ್ ಬೇಸ್ ಕಲಿಯಲು ಎಷ್ಟು ವರ್ಷ ಬೇಕಾಗಬಹುದು ಎನ್ನುವುದಕ್ಕೆ ಇದೇ ಒಂದು ಸುಳಿವು.

ಈಚಿನ ಉದಾಹರಣೆ ವಿಲ್ಸನ್ ಕಾಂಟ್ರೆರಾಸ್. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ 2024ರ ಮೇನಲ್ಲಿ ಎದುರಾಳಿ ಬ್ಯಾಟರ್ ಬೀಸಿದ ಬ್ಯಾಟು ತಗುಲಿ ಅವರ ಎಡ ಮುಂಗೈ ಮೂಳೆ ಮುರಿಯಿತು. ಸ್ಟ್ರೈಕ್ ದೊರಕಿಸಿಕೊಳ್ಳಲು ಕ್ಯಾಚರ್‌ಗಳು ಪ್ಲೇಟಿಗೆ ಇನ್ನಷ್ಟು ಹತ್ತಿರ ಸರಿದು ಕೂರುತ್ತಿರುವುದರ ಬೆಲೆ ಇದು. 2025ರಲ್ಲಿ, 33ಕ್ಕೆ ಕಾಲಿಡುವಾಗ, ಅವರನ್ನು ಪೂರ್ತಿ ಫಸ್ಟ್ ಬೇಸಿಗೆ ಕಳಿಸಿದರು. 20 ಹೋಮ್ ರನ್ ಬಂದವು. ಇಲ್ಲಿ ಫಸ್ಟ್ ಬೇಸ್ ಖಾಲಿಯಿತ್ತು, ಕ್ಯಾಚ್ ಮಾಡಲು ಎಳೆಯರು ಸಿದ್ಧರಿದ್ದರು. ಎರಡೂ ಇದ್ದರೆ ಬದಲಾವಣೆ ಸಲೀಸು.

ಫಸ್ಟ್ ಬೇಸ್ ಅಂದರೆ ಸುಮ್ಮನೆ ನಿಲ್ಲುವುದಲ್ಲ

ಕೆಲಸದ ಮೊದಲ ತೊಡಕು ಗ್ಲೌ. ಕ್ಯಾಚರ್ ಮಿಟ್ ದಪ್ಪ, ದುಂಡಗಿರುತ್ತದೆ, ನಿಯಮದ ಪ್ರಕಾರ ಸುತ್ತಳತೆ 38 ಇಂಚಿನವರೆಗೆ. ಅದನ್ನು ಬೇರೆ ಯಾವ ಜಾಗದಲ್ಲೂ ತೊಡುವಂತಿಲ್ಲ. ಫಸ್ಟ್ ಬೇಸ್ ಮಿಟ್ ಉದ್ದ, ತೆಳು, ಗರಿಷ್ಠ 13 ಇಂಚು. ಕ್ಯಾಚರ್ ಚೆಂಡನ್ನು ಅಂಗೈ ಗುಂಡಿಯಲ್ಲಿ ಹಿಡಿಯುತ್ತಾನೆ, ಫಸ್ಟ್ ಬೇಸ್‌ಮನ್ ಬೆರಳ ತುದಿಯ ಬಲೆಯಲ್ಲಿ. ಈ ಅಭ್ಯಾಸ ಕೈಗೆ ಹತ್ತಲು ಒಂದು ಪೂರ್ತಿ ಚಳಿಗಾಲ ಬೇಕು.

ಎರಡನೆಯದು ಪುಟಿದು ಬರುವ ಎಸೆತ. ಚೆಂಡು ಮುಂದೆ ನೆಲಕ್ಕೆ ಬಿದ್ದರೆ ಕ್ಯಾಚರ್ ಎರಡೂ ಮೊಣಕಾಲೂರಿ, ಗದ್ದ ಎದೆಗೊತ್ತಿ, ಮೈಯನ್ನೇ ಗೋಡೆಯಾಗಿಸುತ್ತಾನೆ. ಹಿಡಿಯದಿದ್ದರೂ ಚಿಂತೆಯಿಲ್ಲ, ಮುಂದೆ ಬಿದ್ದಿದ್ದರೆ ಸಾಕು. ಫಸ್ಟ್ ಬೇಸಿನಲ್ಲಿ ಅದೇ ಚೆಂಡು ಎದೆಗೆ ಬಡಿದು ಮುಂದೆ ಬಿದ್ದರೆ ಓಟಗಾರ ಬಚಾವ್. ಅಲ್ಲಿ ಬಲಗಾಲು ಬೇಸಿನ ಅಂಚಿಗೆ ತಾಗಿರಬೇಕು, ಎಡಗಾಲು ಎಸೆತದ ದಿಕ್ಕಿಗೆ ಚಾಚಬೇಕು, ಗ್ಲೌ ಕೆಳಗಿನಿಂದ ಮೇಲಕ್ಕೆ ಬರಬೇಕು. ಹೊಸಬರು ಮಾಡುವ ತಪ್ಪು, ಎಸೆತ ಬರುವ ಮೊದಲೇ ಕಾಲು ಚಾಚಿಬಿಡುವುದು. ಚೆಂಡು ಅಗಲಕ್ಕೆ ಹೋದರೆ ಆಗ ಸರಿಯಲು ಕಾಲೇ ಇರುವುದಿಲ್ಲ. ಇನ್ನೊಂದು ತಪ್ಪು, ಪಾದವನ್ನು ಬೇಸಿನ ಮೇಲೆ ಇಡುವುದು. ಓಡಿ ಬರುವವನ ಸ್ಪೈಕ್ ಹಿಮ್ಮಡಿಗೆ ಬೀಳುತ್ತದೆ. ಮೊಣಕಾಲು ಉಳಿಸಲು ಬಂದವನು ಹಿಮ್ಮಡಿ ಕಳೆದುಕೊಂಡಾನು.

ಕ್ಯಾಚರ್‌ಗಳೆಲ್ಲ ಬಲಗೈ ಎಸೆತಗಾರರು. ಫಸ್ಟ್ ಬೇಸಿನಿಂದ ಸೆಕೆಂಡ್ ಬೇಸಿಗೆ ಎಸೆದು ಡಬಲ್ ಪ್ಲೇ (ಒಂದೇ ಚೆಂಡಿಗೆ ಇಬ್ಬರನ್ನು ಔಟ್ ಮಾಡುವುದು) ಶುರು ಮಾಡಲು ಎಡಗೈಯವನಿಗೆ ಮೈ ತಿರುಗಿಸುವ ಕೆಲಸವಿಲ್ಲ, ಬಲಗೈಯವನು ತಿರುಗಲೇಬೇಕು. ಕ್ಯಾಚರ್‌ನ ಮೋಟು ಕೈಬೀಸಿನ ಎಸೆತ ಇಲ್ಲಿ ನೆರವಿಗೆ ಬರುತ್ತದೆ. ಬರದಿರುವುದು ಬಲಬದಿಯ ತೀರ್ಮಾನ: ತನಗೂ ಸೆಕೆಂಡ್ ಬೇಸ್‌ಮನ್‌ಗೂ ನಡುವೆ ಬರುವ ನೆಲದ ಚೆಂಡನ್ನು ತಾನು ಹಿಡಿಯಬೇಕೋ, ಬಿಟ್ಟು ಬೇಸಿಗೆ ಓಡಬೇಕೋ. ಕ್ಯಾಚರ್ ಸಹಜವಾಗಿ ಎಲ್ಲ ಚೆಂಡಿನ ಹಿಂದೆ ಬೀಳುತ್ತಾನೆ, ಆಗ ಬೇಸ್ ಖಾಲಿ. ಪಿಚರ್ ಓಡಿ ಬಂದು ಮುಚ್ಚಬೇಕು. ಓಡುತ್ತಿರುವವನ ಎದೆಯ ಎತ್ತರಕ್ಕೆ, ಬೇಸಿಗಿಂತ ಒಂದೆರಡು ಹೆಜ್ಜೆ ಮೊದಲೇ ಸಿಗುವಂತೆ ಕೆಳಗೈಯಲ್ಲಿ ಚೆಂಡು ತಲುಪಿಸಬೇಕು. ಪಿಯಾಜಾಗೆ 35ರಲ್ಲಿ ಕೈಗೂಡದೆ ಹೋದದ್ದು ಇಂಥವೇ.

ಕಲಿಯುವ ಹೊತ್ತೂ ಸಿಗುವುದಿಲ್ಲ. ಫೆಬ್ರವರಿಯ ಸ್ಪ್ರಿಂಗ್ ಟ್ರೇನಿಂಗ್‌ಗೆ ಪಿಚರ್‌ಗಳು, ಕ್ಯಾಚರ್‌ಗಳು ಎಲ್ಲರಿಗಿಂತ ಮೊದಲು ಬರುತ್ತಾರೆ. ಬೆಳಗಿನ ಹೊತ್ತೆಲ್ಲ ಕ್ಯಾಚರ್ ಬುಲ್‌ಪೆನ್ ಎಂಬ ಎಸೆತದ ಅಭ್ಯಾಸದ ಜಾಗದಲ್ಲಿ ಪಿಚರ್‌ಗಳ ಚೆಂಡು ಹಿಡಿಯುತ್ತಾ ಕೂತಿರುತ್ತಾನೆ. ಹಂಚಿ ಆಡುವ ಯೋಜನೆಯಿದ್ದರೆ ಫಸ್ಟ್ ಬೇಸ್ ಅಭ್ಯಾಸ ನವೆಂಬರ್‌ನಿಂದಲೇ ನಡೆಯಬೇಕು.

ಡಿಎಚ್ ಸುಲಭ, ಆದರೆ ಬೆಂಚಿಗೆ ಭಾರ

2022ರಿಂದ ಮೇಜರ್ ಲೀಗ್‌ನೊಳಗಿನ ಅಮೆರಿಕನ್, ನ್ಯಾಷನಲ್ ಎರಡೂ ಲೀಗ್‌ಗಳಲ್ಲಿ ಡಿಎಚ್ ಇದೆ. ವಯಸ್ಸಾದ ಕ್ಯಾಚರ್‌ಗೆ ಇದಕ್ಕಿಂತ ದೊಡ್ಡ ಉಪಕಾರ ಯಾವ ನಿಯಮವೂ ಮಾಡಿಲ್ಲ. ವಿಕ್ಟರ್ ಮಾರ್ಟಿನೆಜ್ ಕ್ಯಾಚಿಂಗ್ ಬಿಟ್ಟು ಡಿಎಚ್ ಆದ ಮೇಲೆ 2014ರಲ್ಲಿ, 35ರಲ್ಲಿ, .335 ಮತ್ತು 32 ಹೋಮ್ ರನ್ ಹೊಡೆದರು.

ತೊಡಕು ಎಲ್ಲಿದೆ ಎಂದರೆ, ಡಿಎಚ್ ಆಗಿ ಆಡುತ್ತಿರುವವನು ನಡುವೆ ಫೀಲ್ಡಿಗೆ ಇಳಿದರೆ ತಂಡ ಆ ಪಂದ್ಯಕ್ಕೆ ಡಿಎಚ್ ಅನ್ನೇ ಕಳೆದುಕೊಳ್ಳುತ್ತದೆ, ಪಿಚರ್ ಬ್ಯಾಟ್ ಹಿಡಿಯಬೇಕಾಗುತ್ತದೆ. ಇಬ್ಬರು ಕ್ಯಾಚರ್‌ಗಳಲ್ಲಿ ಒಬ್ಬ ಪ್ಲೇಟಿನ ಹಿಂದೆ, ಇನ್ನೊಬ್ಬ ಡಿಎಚ್ ಆಗಿರುವಾಗ ಮೂರನೇ ಇನಿಂಗ್ಸ್‌ನಲ್ಲೇ ಮೊದಲನೆಯವನ ಬೆರಳು ಮುರಿದರೆ ಮ್ಯಾನೇಜರ್ ಕಂಗಾಲು. ಹಾಗಾಗಿ ಮೂರನೇ ಕ್ಯಾಚರ್ ಬೇಕು. 26 ಜನರ ತಂಡದಲ್ಲಿ ಸಾಮಾನ್ಯವಾಗಿ 13 ಪಿಚರ್‌ಗಳು. ಉಳಿದ 13ರಲ್ಲಿ ಒಂಬತ್ತು ಜನ ಆಡುತ್ತಾರೆ, ಬೆಂಚಿನಲ್ಲಿ ನಾಲ್ವರು. ಆ ನಾಲ್ವರಲ್ಲಿ ಒಂದು ಜಾಗ ವಾರಕ್ಕೊಮ್ಮೆಯೂ ಆಡದ ಕ್ಯಾಚರ್‌ಗೆ ಮೀಸಲಾದರೆ, ವೇಗವಾಗಿ ಓಡುವವನೋ ಎಡಗೈ ಬ್ಯಾಟರೋ ಒಬ್ಬ ಹೊರಗುಳಿಯುತ್ತಾನೆ. ಇದನ್ನು ತಪ್ಪಿಸಲು ಹೆಚ್ಚಿನ ತಂಡಗಳು ಅಪಾಯವನ್ನು ಒಪ್ಪಿಕೊಂಡು ಇಬ್ಬರೇ ಸಾಕು ಅನ್ನುತ್ತವೆ. ನೂರಾರು ಪಂದ್ಯಗಳಲ್ಲಿ ಒಂದೆರಡು ಸಲ ಆಗುವ ಅನಾಹುತಕ್ಕೆ ಆರು ತಿಂಗಳು ಒಂದು ಜಾಗ ತೆರುವುದು ದುಬಾರಿ ಎಂಬ ಅವರ ಲೆಕ್ಕ ನನಗೂ ಸರಿ ಕಾಣುತ್ತದೆ.

2026ರ ಹೊಸ ನಿಯಮ ಯಾರ ಪರ?

2026ರಿಂದ ಮೇಜರ್ ಲೀಗ್‌ನಲ್ಲಿ ಬಾಲ್-ಸ್ಟ್ರೈಕ್ ತೀರ್ಪನ್ನು, ಅಂದರೆ ಚೆಂಡು ಚೌಕದ ಹೊರಗೋ (ಬಾಲ್) ಒಳಗೋ (ಸ್ಟ್ರೈಕ್) ಎಂಬುದನ್ನು, ಚಾಲೆಂಜ್ ಮಾಡಬಹುದು. ಪ್ರತಿ ತಂಡಕ್ಕೆ ಪಂದ್ಯಕ್ಕೆ ಎರಡು ಚಾಲೆಂಜ್, ಗೆದ್ದರೆ ಅದು ಉಳಿಯುತ್ತದೆ. ಕೇಳುವ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್ ಮೂವರಿಗೆ ಮಾತ್ರ. ತಕ್ಷಣ ಟೋಪಿಯನ್ನೋ ಹೆಲ್ಮೆಟನ್ನೋ ತಟ್ಟಬೇಕು, ಡಗೌಟ್ ಕಡೆ ನೋಡುವಂತಿಲ್ಲ. ಕ್ಯಾಮೆರಾಗಳು ಅಳೆಯುವ ಚೌಕದ ಅಗಲ ಪ್ಲೇಟಿನಷ್ಟೇ, 17 ಇಂಚು. ಮೇಲಂಚು ಬ್ಯಾಟರ್ ಎತ್ತರದ 53.5%, ಕೆಳ ಅಂಚು 27%.

ಇದು ಫ್ರೇಮಿಂಗ್‌ನ ಬೆಲೆಯನ್ನು ಮುಟ್ಟುತ್ತದೆ. ಅಂಚಿನ ಚೆಂಡನ್ನು ಹಿಡಿಯುವಾಗಲೇ ಮಿಟ್ಟನ್ನು ನವಿರಾಗಿ ಒಳಕ್ಕೆ ತಂದು ಅಂಪೈರ್‌ನಿಂದ ಸ್ಟ್ರೈಕ್ ಗಿಟ್ಟಿಸುವ ಕಲೆಯೇ ಫ್ರೇಮಿಂಗ್. ಬಾಲ್ ಆಗಬೇಕಾದದ್ದು ಸ್ಟ್ರೈಕ್ ಆದರೆ ಸರಾಸರಿ 0.125 ರನ್ ಲಾಭ. ಸಣ್ಣದೆನಿಸಿದರೂ ಇದರಲ್ಲಿ ನಿಪುಣನಾದವನು ಸೀಸನ್ನಿಗೆ 15ರಿಂದ 20 ರನ್ ಉಳಿಸುತ್ತಾನೆ. ಕೆಟ್ಟವನು ಹೆಚ್ಚುಕಡಿಮೆ ಅಷ್ಟೇ ಕಳೆಯುತ್ತಾನೆ. ಐದು ಗೋಲ್ಡ್ ಗ್ಲೌ ಗೆದ್ದ, ಒಳ್ಳೆಯ ಎಸೆತದ ಪೆರೆಜ್ ಈ ಒಂದರಲ್ಲಿ ಮಾತ್ರ ವರ್ಷಗಟ್ಟಲೆ ಸರಾಸರಿಗಿಂತ ಕೆಳಗೇ ಇದ್ದಾರೆ. ಅವರನ್ನು ಪ್ಲೇಟಿನ ಹಿಂದಿನಿಂದ ಎಬ್ಬಿಸಬೇಕು ಎನ್ನುವವರ ಅತಿ ಬಲವಾದ ವಾದ ಇದೇ ಆಗಿತ್ತು.

ಆ ವಾದಕ್ಕೆ ಈಗ ಪೆಟ್ಟು ಬಿದ್ದಿದೆ, ಆದರೆ ಸತ್ತಿಲ್ಲ. 2025ರ ಸ್ಪ್ರಿಂಗ್ ಟ್ರೇನಿಂಗ್ ಪ್ರಯೋಗದಲ್ಲಿ ಪಂದ್ಯಕ್ಕೆ ಸುಮಾರು ನಾಲ್ಕು ಚಾಲೆಂಜ್ ಬಂದವು, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೀರ್ಪುಗಳು ಬದಲಾದವು. ಅಂದರೆ ಎರಡೂ ತಂಡ ಸೇರಿ ಪಂದ್ಯಕ್ಕೆ ಎರಡು ತೀರ್ಪು. ಬ್ಯಾಟರ್ ಬೀಸದೆ ಬಿಡುವ ನೂರೈವತ್ತರಷ್ಟು ಚೆಂಡುಗಳಲ್ಲಿ ಇದು ಚಿಕ್ಕ ಪಾಲು. ಚಾಲೆಂಜ್‌ಗಳು ಮಹತ್ವದ ಚೆಂಡುಗಳ ಮೇಲೇ ಬೀಳುವುದರಿಂದ ಪರಿಣಾಮ ಸಂಖ್ಯೆಗಿಂತ ದೊಡ್ಡದಿರಬಹುದು. ಅದೇ ಪ್ರಯೋಗದಲ್ಲಿ ಚಾಲೆಂಜ್ ಗೆಲ್ಲುವುದರಲ್ಲಿ ಪಿಚರ್, ಬ್ಯಾಟರ್ ಇಬ್ಬರಿಗಿಂತ ಕ್ಯಾಚರ್‌ಗಳೇ ಮುಂದಿದ್ದರು. ಅಂಚನ್ನು ನೋಡಿ ಪಳಗಿದ ಕಣ್ಣಿಗೆ ಈಗ ಹೊಸ ಕೆಲಸ ಸಿಕ್ಕಿದೆ. ಮೊಣಕಾಲು ಸವೆದವನಿಗೂ ಸಾಧ್ಯವಿರುವ ಕೆಲಸ.

ಇನ್ನೊಂದು ಬದಲಾವಣೆ ಹಿರಿಯರ ವಿರುದ್ಧವೇ ಇದೆ. 2023ರಲ್ಲಿ ಬೇಸಿನ ಅಳತೆ 15ರಿಂದ 18 ಇಂಚಿಗೆ ಹಿಗ್ಗಿತು, ಪಿಚರ್ ಓಟಗಾರನನ್ನು ಹೆದರಿಸಲು ಎಸೆಯುವ ಸಂಖ್ಯೆಗೆ ಮಿತಿ ಬಂತು. 2022ರಲ್ಲಿ 2,486 ಇದ್ದ ಬೇಸ್ ಕದಿಯುವಿಕೆ ಮರುವರ್ಷ 3,503ಕ್ಕೆ ಏರಿತು. ಪಿಚರ್ ಎಸೆಯಲು ಕದಲಿದ ಕ್ಷಣದಿಂದ ಚೆಂಡು ಪ್ಲೇಟಿಗೆ ಬರಲು ಸುಮಾರು 1.3ರಿಂದ 1.4 ಸೆಕೆಂಡ್, ಕ್ಯಾಚರ್ ಹಿಡಿದು 127 ಅಡಿ ದೂರದ ಸೆಕೆಂಡ್ ಬೇಸಿಗೆ ತಲುಪಿಸಲು ಸರಾಸರಿ 2 ಸೆಕೆಂಡ್. ಈ ಎರಡನೆಯದನ್ನು ಪಾಪ್ ಟೈಮ್ ಅನ್ನುತ್ತಾರೆ. ಚುರುಕು ಓಟಗಾರನಿಗೂ ಬೇಕಾಗುವುದು ಎರಡೂ ಸೇರಿದಷ್ಟೇ ಹೊತ್ತು. ಪಾಪ್ ಟೈಮ್ 2.1ಕ್ಕೆ ಜಾರಿದರೆ ಎದುರಾಳಿಗಳಿಗೆ ಅದು ವಾರದೊಳಗೆ ಗೊತ್ತಾಗುತ್ತದೆ, ಆಮೇಲೆ ತಡೆಯಿಲ್ಲದ ಓಟ.

ಹಾಗಾದರೆ ಪೆರೆಜ್?

ಪೂರ್ತಿ ಫಸ್ಟ್ ಬೇಸಿಗೆ ಕಳಿಸುವುದು ರಾಯಲ್ಸ್ ಮಟ್ಟಿಗೆ ಅರ್ಥವಿಲ್ಲದ ಮಾತು. ಅಲ್ಲಿ ವಿನ್ನಿ ಪಾಸ್ಕ್ವಾಂಟಿನೊ ಇದ್ದಾರೆ, 2025ರಲ್ಲಿ 32 ಹೋಮ್ ರನ್, 113 ಆರ್‌ಬಿಐ. ಪೆರೆಜ್‌ರ .284 ಬೇಸ್ ತಲುಪುವ ಪ್ರಮಾಣ ಕ್ಯಾಚರ್‌ಗೆ ಸಹಿಸಬಹುದಾದದ್ದು, ಫಸ್ಟ್ ಬೇಸಿಗೆ ಅಲ್ಲ, ಡಿಎಚ್‌ಗಂತೂ ಅಲ್ಲವೇ ಅಲ್ಲ. ಅವರ 30 ಹೋಮ್ ರನ್ ದೊಡ್ಡದಾಗಿ ಕಾಣುವುದು ಮಾಸ್ಕಿನ ಜತೆ ಬಂದಾಗ.

ಹಾಗಂತ 130 ಪಂದ್ಯ ಕೂರಿಸುವುದೂ ತಪ್ಪು. ತಂಡ ಈಗಾಗಲೇ ಕೆಲವು ವರ್ಷಗಳಿಂದ ಅವರನ್ನು ಕ್ಯಾಚರ್, ಫಸ್ಟ್ ಬೇಸ್, ಡಿಎಚ್ ಎಂದು ಹಂಚಿ ಆಡಿಸುತ್ತಿದೆ. ಹಾಗಾಗಿಯೇ 35ರ ವಯಸ್ಸಲ್ಲಿ 155 ಪಂದ್ಯ ಆಡಲು ಸಾಧ್ಯವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಕಾರ್ಟರ್ ಜೆನ್ಸೆನ್ ಎಂಬ ಎಳೆಯ ಕ್ಯಾಚರ್ ಮೇಲೆ ಬಂದಿದ್ದಾರೆ, ಎಡಗೈ ಬ್ಯಾಟರ್. ಪೆರೆಜ್ ಬಲಗೈ. ಎದುರಾಳಿ ಪಿಚರ್ ಎಡಗೈಯವನಾದರೆ ಪೆರೆಜ್ ಕ್ಯಾಚರ್. ಬಲಗೈಯವನಾದರೆ ಹೆಚ್ಚಿನ ದಿನ ಜೆನ್ಸೆನ್ ಕ್ಯಾಚರ್, ಪೆರೆಜ್ ಡಿಎಚ್. ಬಲಗೈ ಪಿಚರ್‌ಗಳೇ ಹೆಚ್ಚಿರುವುದರಿಂದ ಈ ನಿಯಮವನ್ನು ಕಣ್ಣುಮುಚ್ಚಿ ಪಾಲಿಸಿದರೆ ಪೆರೆಜ್ ಪಾಲು ತೀರಾ ಕಡಿಮೆಯಾದೀತು. ಬಲಗೈಯವರ ವಿರುದ್ಧದ ಕೆಲವು ಪಂದ್ಯಗಳನ್ನೂ ಸೇರಿಸಿ ವರ್ಷಕ್ಕೆ 75ರಿಂದ 90ಕ್ಕೆ ನಿಲ್ಲಿಸುವುದು ಹಿತ. ವಾರಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ರಾತ್ರಿ ಪಂದ್ಯ ಕ್ಯಾಚ್ ಮಾಡಿದ ಮರುದಿನ ಮಧ್ಯಾಹ್ನ ಪಂದ್ಯವಿದ್ದರೆ ಮಾಸ್ಕು ಜೆನ್ಸೆನ್‌ಗೆ. ಹೆಚ್ಚುವರಿ ಇನಿಂಗ್ಸ್‌ಗೆ ಹೋದ ಪಂದ್ಯದ ಮರುದಿನವೂ ಅಷ್ಟೇ. ಫಸ್ಟ್ ಬೇಸ್ ಹತ್ತಿಪ್ಪತ್ತು ಪಂದ್ಯ ಸಾಕು, ಅದೂ ಪಾಸ್ಕ್ವಾಂಟಿನೊಗೆ ಬಿಡುವು ಬೇಕಾದಾಗ.

ಪೂರ್ತಿ ಬಿಡಿಸಬೇಕಾದ ದಿನವೂ ಬರಬಹುದು. ಕನ್ಕಷನ್ ಆದರೆ ಅಂದೇ. ಪಾಪ್ ಟೈಮ್ ತಿಂಗಳಿಡೀ 2.1ರ ಮೇಲೆ ನಿಂತರೆ, ಅಥವಾ ನೆಲಕ್ಕೆ ಬಿದ್ದ ಚೆಂಡುಗಳಿಗೆ ಮೈಯೊಡ್ಡುವುದರ ಬದಲು ಮಿಟ್ ಚಾಚಿ ಹಿಡಿಯಲು ಹೋಗುವುದು ಹೆಚ್ಚಾದರೆ, ಮೊಣಕಾಲು ಬಾಯಿ ಬಿಟ್ಟು ಹೇಳದ ಮಾತನ್ನು ಅದು ಹೇಳುತ್ತಿದೆ ಎಂದರ್ಥ. ಆ ಹೊತ್ತಿಗೆ ಬ್ಯಾಟು ಡಿಎಚ್ ಜಾಗಕ್ಕೆ ಸಾಲುವಷ್ಟು ಇರದಿದ್ದರೆ ತಂಡಕ್ಕೆ ಉಳಿಯುವುದು ಕ್ಯಾಚರ್ ಜಾಗವೂ ಅಲ್ಲ, ಫಸ್ಟ್ ಬೇಸೂ ಅಲ್ಲ. 2027ರ ಒಪ್ಪಂದದ ಹಣ ತೆತ್ತು ಬೆಂಚಿನಲ್ಲಿ ಕೂರಿಸುವುದು, ಎಡಗೈ ಪಿಚರ್ ಬಂದ ದಿನ ಬ್ಯಾಟ್ ಕೊಡುವುದು, ಜೆನ್ಸೆನ್‌ಗೆ ಬ್ಯಾಟರ್‌ಗಳ ದೌರ್ಬಲ್ಯ ಓದುವುದನ್ನು ಕಲಿಸಲು ಬಿಡುವುದು. ರಾಯಲ್ಸ್ ಹೊಸ ಒಪ್ಪಂದವನ್ನು ಎರಡೇ ವರ್ಷಕ್ಕೆ ನಿಲ್ಲಿಸಿದ್ದರ ಹಿಂದೆ ಈ ಎಣಿಕೆಯೂ ಇದ್ದೀತು.